ಹೊಳೆಯ ಋತು, ಮನೆಯ ಋತು

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದಾಗ ಮೈಸೂರು ಸಂಸ್ಥಾನದ ವಿದ್ಯುತ್ ಲೆಕ್ಕದಲ್ಲಿ ಋತುವಿನ ಏರಿಳಿತವೆಂಬುದು ಮುಖ್ಯವಾಗಿ ಹೊಳೆಗೆ ಸಂಬಂಧಿಸಿದ್ದಾಗಿತ್ತು. ಗಣಿಯ ಯಂತ್ರಗಳು ಹಗಲಿರುಳು, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನೆ ವಿದ್ಯುತ್ತನ್ನು ಬೇಡಿದರೆ, ಬೇಸಗೆಯಲ್ಲಿ ಸೊರಗುವ ಕಾವೇರಿಗೆ ಅದನ್ನು ಒದಗಿಸುವುದು ಕಷ್ಟವಾಗಿತ್ತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯೊಡನೆ ಈ ಕೊರತೆಯನ್ನು ನೀಗುವುದೂ ಸೇರಿತ್ತು.

1905ರಲ್ಲಿ ಬೆಂಗಳೂರಿಗೆ ಬಂದ ವಿದ್ಯುದ್ದೀಪಗಳು ಈ ಲೆಕ್ಕವನ್ನು ಅಷ್ಟಾಗಿ ಕದಲಿಸುವಂಥವಾಗಿರಲಿಲ್ಲ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯ ಆಸುಪಾಸಿನದು; ಲಂಡನ್ನಿನಲ್ಲಿ ಅದು ಒಂಬತ್ತು ಗಂಟೆಗಳಿಗೆ ಹತ್ತಿರವಾದ್ದರಿಂದ ಅಲ್ಲಿನ ಮನೆಬಳಕೆಯ ಲೆಕ್ಕದಲ್ಲಿ ದೀಪಕ್ಕೆ ದೊರೆಯುವ ತೂಕವನ್ನು ಇಲ್ಲಿಗೆ ತಂದು ಹಚ್ಚಲಾಗದು.

ಮನೆಯ ಋತುಭೇದ ಮೀಟರಿನಲ್ಲಿ ಎದ್ದು ಕಾಣತೊಡಗಿದ್ದು, ಸೌದೆಯ ಒಲೆಯ ಮೇಲಿದ್ದ ಹಂಡೆಯ ಜಾಗಕ್ಕೆ ಗೀಸರ್ ಬಂದು, ಫ್ಯಾನು, ಫ್ರಿಜ್ಜುಗಳೂ ಜೊತೆಗೂಡಿದ ಮೇಲೆ. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಖರ್ಚಾಗುವುದು ಒಂದು ಯೂನಿಟ್. 20 ಲೀಟರ್ ನೀರನ್ನು 42 ಡಿಗ್ರಿಗೆ ಕಾಯಿಸಲು, ತಣ್ಣೀರು 20 ಡಿಗ್ರಿಯಲ್ಲಿದ್ದರೆ ಸುಮಾರು 0.51 ಯೂನಿಟ್, 26 ಡಿಗ್ರಿಯಲ್ಲಿದ್ದರೆ 0.37 ಯೂನಿಟ್ ಬೇಕಾಗುತ್ತದೆ, ಅಂದರೆ ಸ್ನಾನ ಅಷ್ಟೇ ಆದರೂ ಚಳಿಗಾಲದ ಖರ್ಚು ಮೇಲು. ಫ್ರಿಜ್ಜಿನ ಕಂಪ್ರೆಸರ್ ಇದಕ್ಕೆ ತದ್ವಿರುದ್ಧವಾಗಿ ಸೆಕೆಗಾಲದಲ್ಲಿ ಹೆಚ್ಚು ಹೊತ್ತು ದುಡಿಯುತ್ತದೆ.

ಇಂಥ ಬಳಕೆಯನ್ನು ಗಣಿತದ ಮಾದರಿಗೆ ಇಳಿಸುವಾಗ, ಎಲ್ಲ ತಿಂಗಳಲ್ಲೂ ಸಮನಾಗಿರುವ ಮೂಲಬಳಕೆಯನ್ನೂ ಹವೆಯೊಡನೆ ಏರಿಳಿಯುವ ಋತುಬಳಕೆಯನ್ನೂ ಬೇರ್ಪಡಿಸಿ, ಎರಡನೆಯದನ್ನು ವರ್ಷಕ್ಕೊಮ್ಮೆ ಏರಿಳಿಯುವ ಒಂದು ಅಲೆಯಾಗಿ ಬರೆಯುವುದು ಸುಲಭದ ಕ್ರಮ. ಚಳಿಗಾಲವೇ ಪ್ರಧಾನವಾದ ಉತ್ತರ ಯುರೋಪಿಗೆ ಅದು ಒಪ್ಪುತ್ತದೆ. ಏಪ್ರಿಲ್‌ನಲ್ಲಿ ಕಾದು, ಜೂನ್ ಮಳೆಗೆ ತಂಪಾಗಿ, ಡಿಸೆಂಬರಿನಲ್ಲಿ ಗೀಸರನ್ನು ಕೇಳುವ ಬೆಂಗಳೂರಿಗೆ ಒಂದೇ ಅಲೆ ಸಾಲದು, ಏರ್ ಕೂಲರ್ ಇಲ್ಲದೆ ಮೇ ತಿಂಗಳು ಕಳೆಯದ ಕಲಬುರಗಿಗಂತೂ ಬೆಂಗಳೂರಿನ ಅಲೆಯೂ ಹೊಂದದು.

2023ರ ಗೃಹಜ್ಯೋತಿ ಯೋಜನೆಯು ಹಿಂದಿನ ಆರ್ಥಿಕ ವರ್ಷದ ಮಾಸಿಕ ಸರಾಸರಿಗೆ ಶೇ. 10ರಷ್ಟನ್ನು ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ಆಯಾ ಮನೆಯ ಉಚಿತ ಪಾಲನ್ನು ಗೊತ್ತುಮಾಡಿದಾಗ ಆಧಾರವಾದದ್ದು ಈ ಏರಿಳಿತಗಳನ್ನೆಲ್ಲ ಸಮಮಾಡಿದ ಒಂದೇ ಅಂಕಿ. ಹೀಗಾಗಿ ವರ್ಷದ ಒಟ್ಟು ಬಳಕೆ ಹೆಚ್ಚದಿದ್ದರೂ ಕೂಲರ್ ನಡೆಯುವ ತಿಂಗಳಲ್ಲಿ ಪಾಲು ಮೀರಿ ಬಿಲ್ಲು ಬರುವುದು ಸಾಧ್ಯವಾಯಿತು.