ಕುಲುಮೆಯಿಂದ ಹೊಲಿಗೆ ಲೈನಿನವರೆಗೆ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ 1980ರಿಂದ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲೀಗ ಎಂಬಿಎ ಕೂಡ ಓದಬಹುದು. ಜನರನ್ನು ಕಟ್ಟಿಕೊಂಡು ಕೆಲಸ ತೆಗೆಯುವ ವಿದ್ಯೆ ಮಾತ್ರ ಈ ಸೀಮೆಗೆ ಅದಕ್ಕೂ ಬಹಳ ಮುಂಚೆಯೇ ಬಂದಿತ್ತು, ಭದ್ರಾವತಿಯ ಕುಲುಮೆಯ ದಾರಿಯಲ್ಲಿ.

1923ರಲ್ಲಿ ಅಲ್ಲಿ ಕಬ್ಬಿಣ ಹರಿಯತೊಡಗಿದಾಗ ಮೊದಲ ಮಹಾಯುದ್ಧದ ನಂತರದ ಬೆಲೆ ಕುಸಿತದಿಂದ ಕಾರ್ಖಾನೆ ನಷ್ಟದಲ್ಲಿತ್ತು. ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾದ ವಿಶ್ವೇಶ್ವರಯ್ಯನವರು 1929ರವರೆಗೆ ಆ ಹೊಣೆ ಹೊತ್ತರು. ಖರ್ಚಿನ ಲೆಕ್ಕ ಬಿಗಿ ಮಾಡಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ವಿದೇಶಿ ತಜ್ಞರ ಜಾಗಗಳಿಗೆ ನಮ್ಮವರನ್ನೇ ತಯಾರು ಮಾಡಿ ಕೂರಿಸಿದ ಧೈರ್ಯ. ಆ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನೂ ಅವರು ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಕೊಟ್ಟರು.

ದೇಶದ ಹೊರಗೆ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಮೇಸ್ತ್ರಿಗಳಿಗೆಂದೇ ಹತ್ತು ಹತ್ತು ಗಂಟೆಯ ಮೂರು ಪಾಠ ರೂಪಿಸಿತು: ಕೆಲಸ ಹೇಳಿಕೊಡುವುದು, ಕೆಲಸದ ವಿಧಾನ ಸುಧಾರಿಸುವುದು, ಕೈಕೆಳಗಿನವರೊಡನೆ ಹೊಂದಿಕೊಳ್ಳುವುದು. ಯುದ್ಧ ಮುಗಿದ ಮೇಲೆ ಆ ಪಾಠಗಳು ಜಪಾನಿನಲ್ಲಿ ಆಳವಾಗಿ ಬೇರುಬಿಟ್ಟವು. ಭಾರತಕ್ಕೂ ಬಂದವು, ಆದರೆ ನಮ್ಮ ಕಣ್ಣು ಮೇಲಿನವರ ಮೇಲೇ ಇತ್ತು. 1961ರಲ್ಲಿ ಕಲ್ಕತ್ತ, ಅಹಮದಾಬಾದ್, 1973ರಲ್ಲಿ ಬೆಂಗಳೂರು ಐಐಎಂಗಳು ಹುಟ್ಟಿದವು. 1987ರಲ್ಲಿ ಭದ್ರಾವತಿ ಪಕ್ಕದ ಶಂಕರಘಟ್ಟಕ್ಕೆ ಕುವೆಂಪು ವಿಶ್ವವಿದ್ಯಾಲಯ ಬಂತು. ಅಧಿಕಾರಿಯಾಗುವವರಿಗೆ ತರಗತಿ ಸಿಕ್ಕಿತು. ಮೇಸ್ತ್ರಿ ಮಾತ್ರ ನೋಡಿ ಕಲಿತದ್ದರಲ್ಲೇ ಪಾಳಿ ನಡೆಸಬೇಕಾಯಿತು. 1980ರ ದಶಕದಲ್ಲಿ ಹರಡಿದ ಕ್ವಾಲಿಟಿ ಸರ್ಕಲ್‌ಗಳು ಕಾರ್ಮಿಕರನ್ನೂ ಯೋಚನೆಗೆ ಕೂರಿಸಿದ್ದು ನಿಜವಾದ ತಿರುವು.

ನೋಡಿ ಕಲಿಯುವ ಆ ಜಾಗವೂ ಈಗ ಬರಿದಾಗಿದೆ. ಭದ್ರಾವತಿಯ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. 1998ರಲ್ಲಿ ಕೇಂದ್ರದ ಉಕ್ಕು ಸಂಸ್ಥೆ ಸೈಲ್‌ಗೆ ಸೇರಿದ ವಿಐಎಸ್‌ಎಲ್ ಅನ್ನು, ಅಂದರೆ ಅದೇ ಹಳೆಯ ಕಬ್ಬಿಣದ ಕಾರ್ಖಾನೆಯನ್ನು, ಮುಚ್ಚುವ ನಿರ್ಧಾರ ಕಬ್ಬಿಣ ಹರಿದು ನೂರು ವರ್ಷವಾದ 2023ರಲ್ಲಿ ಹೊರಬಿತ್ತು. ಹಿರಿಯ ಫೋರ್‌ಮನ್ನರ ಪಕ್ಕ ನಿಂತು ಹುಡುಗರು ಕಲಿಯುತ್ತಿದ್ದುದು ಯಾವ ಲೆಕ್ಕದ ಪುಸ್ತಕದಲ್ಲೂ ಆಸ್ತಿಯಾಗಿ ಬರೆದಿರಲಿಲ್ಲ. ಅದು ಹೋದದ್ದಕ್ಕೆ ನನಗೆ ಬಹಳ ಸಂಕಟವಿದೆ.

ಇಂದು ಶಿವಮೊಗ್ಗ, ಭದ್ರಾವತಿಗಳ ನಡುವಿನ ಮಾಚೇನಹಳ್ಳಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೆಣ್ಣುಮಕ್ಕಳು ಬಸ್ಸು ತುಂಬ ಹೋಗುತ್ತಾರೆ. ಅಂಥ ಕಡೆ ಲೈನಿನ ಸೂಪರ್‌ವೈಸರನ ಒಂದು ಮಾತು ಇಡೀ ದಿನದ ಕೆಲಸ ಕೆಡಿಸಬಲ್ಲದು, ಎತ್ತಲೂಬಲ್ಲದು. ಭಾರತದ ದೊಡ್ಡ ಗಾರ್ಮೆಂಟ್ ಸಂಸ್ಥೆಯೊಂದರಲ್ಲಿ ಅಧ್ವರ್ಯು, ಮುರಾತಾನೊಗ್ಲು, ನೈಷಧಂ ನಡೆಸಿದ ಅಧ್ಯಯನ ಇಲ್ಲಿಗೆ ನೇರವಾಗಿ ತಟ್ಟುತ್ತದೆ. ಸೂಪರ್‌ವೈಸರುಗಳ ತರಬೇತಿಗೆ ಯಾರು ಮೊದಲು ಹೋಗಲಿ ಎಂದು ಅವರ ಮೇಲಿನ ಮ್ಯಾನೇಜರುಗಳನ್ನು ಕೇಳಿ, ಬಳಿಕ ಚೀಟಿ ಎತ್ತಿದಂತೆ ಆರಿಸಿದರು. ಮ್ಯಾನೇಜರುಗಳು ಮುಂದೆ ಮಾಡಿದ ಸೂಪರ್‌ವೈಸರುಗಳು ತರಬೇತಿ ಪಡೆದರೂ ಅವರ ಲೈನುಗಳಲ್ಲಿ ಉತ್ಪಾದಕತೆ ಏರಲಿಲ್ಲ. ಹಿಂದೆ ಬಿಟ್ಟವರು ತರಬೇತಿ ಪಡೆದಾಗ ಅವರ ಲೈನುಗಳಲ್ಲಿ ಅದು ಸುಮಾರು ಶೇ 12ರಷ್ಟು ಏರಿತು. ಮ್ಯಾನೇಜರುಗಳಿಗೆ ಜನರ ಗುರುತಿರಲಿಲ್ಲವೆಂದಲ್ಲ. ಸೂಪರ್‌ವೈಸರ್ ಕೆಲಸ ಬಿಟ್ಟರೆ ಅದರ ಹೊರೆ ತಮ್ಮ ತಲೆಗೇ ಬರುವುದರಿಂದ, ಉಳಿಸಿಕೊಳ್ಳಬೇಕಾದವರನ್ನೇ ಅವರು ತರಬೇತಿಗೆ ಮೊದಲು ಹೆಸರಿಸಿದ್ದರು.