ಪದ ಪರಿಚಯ: ಮಾಯು

ಅಡಿಕೆ ಸುಲಿಯುವಾಗ ಕತ್ತಿ ತಾಗಿ ಬೆರಳು ಕೊಯ್ದುಕೊಂಡವರನ್ನು ಚಿಕ್ಕಜಾಜೂರು, ಹೊಳಲ್ಕೆರೆ ಕಡೆ ‘ಗಾಯ ಮಾಯ್ತಾ?’, ಅಂದರೆ ವಾಸಿಯಾಯ್ತಾ, ಎಂದು ಕೇಳುತ್ತಾರೆ. ‘ಮಾಯು’ ದ್ರಾವಿಡ ಧಾತು. ತಮಿಳಿನ ‘ಮಾಯ್’ ಎಂದರೆ ಅಳಿ, ಮರೆಯಾಗು. ‘ಮಾಯು’ ಸಂಸ್ಕೃತದ ‘ಮಾಯಾ’ದಿಂದ ಬಂದದ್ದೆಂಬ ವಾದ ನಿಲ್ಲುವುದಿಲ್ಲ. ಆ ನಾಮಪದಕ್ಕೆ ‘ಆಗು’ ಸೇರಿಸಿ ‘ಮಾಯವಾಗು’ ಎನ್ನಬೇಕು; ‘ಮಾಯು’ ತಾನೇ ಕ್ರಿಯಾಪದವಾಗಿ ನಡೆಯುತ್ತದೆ.

ಗಾಯ ಪೂರ್ತಿ ಮರೆಯಾಗುವುದಿಲ್ಲವಲ್ಲ, ಪದ ಹೇಗೆ ಸರಿ ಎನ್ನಬಹುದು. ನಿಜ. ಮೊದಲು ರಕ್ತ ಹೆಪ್ಪುಗಟ್ಟಿ ಹಕ್ಕಳೆ ಕಟ್ಟುತ್ತದೆ. ಬಿಳಿ ರಕ್ತಕಣಗಳು ಸತ್ತ ಜೀವಕೋಶಗಳನ್ನೂ ಸೂಕ್ಷ್ಮಾಣುಗಳನ್ನೂ ತೆರವು ಮಾಡುತ್ತವೆ. ಅಂಚಿನಿಂದ ಹೊಸ ಚರ್ಮ ಒಳಕ್ಕೆ ಸರಿಯುತ್ತ ಬರುತ್ತದೆ, ಅದರಡಿ ಕೊಲಾಜೆನ್ ನಾರು ಹೆಣೆದುಕೊಳ್ಳುತ್ತದೆ. ಆಳವಾದ ಗಾಯದ ಕಲೆಗೆ ತಿಂಗಳುಗಳು ಕಳೆದರೂ ಮೂಲ ಚರ್ಮದ ಸುಮಾರು 80% ಬಲವಷ್ಟೇ ಬರುತ್ತದೆ. ಆದರೆ ಆಡುಮಾತು ಈ ಭೇದವನ್ನು ಬಿಟ್ಟಿಲ್ಲ: ‘ಗಾಯ ಮಾಯ್ತು, ಕಲೆ ಉಳೀತು.’ ಮುರಿದ ಮೂಳೆಗೆ ‘ಮಾಯ್ತು’ ಎನ್ನುವುದಿಲ್ಲ, ‘ಕೂಡ್ತು’ ಎನ್ನುತ್ತಾರೆ. ಮೂಳೆ ಕಲೆಯಿಲ್ಲದೆ ಮೂಳೆಯಾಗಿಯೇ ಬೆಳೆದು ಕೂಡುತ್ತದೆ ಕೂಡ. ಎರಡಕ್ಕೂ ‘ಗುಣವಾಯಿತು’ ಎಂದುಬಿಟ್ಟರೆ ಈ ಸೂಕ್ಷ್ಮ ಹೋಗುತ್ತದೆ. ‘ಅಂಗಾಂಶ’ದಂಥ ಶಾಸ್ತ್ರದ ಪದ ಪಠ್ಯಪುಸ್ತಕಕ್ಕೆ ಬೇಕು, ಇರಲಿ. ಆದರೆ ಸಕ್ಕರೆ ಕಾಯಿಲೆಯವರಿಗೆ ಕಾಲಿನ ಹುಣ್ಣಿನ ಬಗ್ಗೆ ಎಚ್ಚರಿಸುವ ಕರಪತ್ರದಲ್ಲಿ ‘ಅಂಗಾಂಶ ದುರಸ್ತಿ ವಿಳಂಬ’ ಎಂದು ಬರೆಯಬೇಡಿ. ‘ಹುಣ್ಣು ಬೇಗ ಮಾಯುವುದಿಲ್ಲ’ ಎಂದೇ ಬರೆಯಿರಿ.