ಚಿತ್ರಪುಸ್ತಕದಲ್ಲಿ ವಸ್ತುಪಾತ್ರಗಳು

ಚಮಚ, ಪೆನ್ಸಿಲ್, ಕೊಡೆ, ಬಸ್ಸಿನಂಥ ದಿನಬಳಕೆಯ ವಸ್ತುಗಳು ಮಾತಾಡುವ, ಮುನಿಯುವ, ಜಂಭಪಡುವ ಮಕ್ಕಳ ಚಿತ್ರಕಥೆಗಳ ಪ್ರಕಾರ. ಪುಸ್ತಕರೂಪದಲ್ಲಿ ಇದು ಕನ್ನಡಕ್ಕೆ ತಡವಾಗಿ ಬಂತು. ಕಲ್ಪನೆ ಮಾತ್ರ ಬಹಳ ಹಳೆಯದು.

ರಾಗಿ ಬೀಸುವ ಹೆಂಗಸರು ಹಾಡಿನಲ್ಲಿ ಬೀಸುವಕಲ್ಲನ್ನು ‘ಕಲ್ಲವ್ವ’ ಎಂದು ಮಾತಾಡಿಸುತ್ತಿದ್ದರು. 16ನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತವೂ ರಾಗಿಯೂ ರಾಮನೆದುರಿಗೇ ತಾನು ಮೇಲು, ತಾನು ಮೇಲು ಎಂದು ಜಗಳಕ್ಕೆ ನಿಲ್ಲುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ಹಗೇವಿನ ರಾಗಿ ವರ್ಷಗಟ್ಟಲೆ ಕೆಡದೆಂಬ ರೈತನ ಅನುಭವವೇ ಇಲ್ಲಿ ಪಾತ್ರದ ಸ್ವಭಾವವಾಗಿದೆ. ಕಾವ್ಯ ಮಕ್ಕಳಿಗಾಗಿ ಹುಟ್ಟಿದ್ದಲ್ಲ, ಮೇಲುಕೀಳಿನ ಪ್ರಶ್ನೆ ಎತ್ತಿದ್ದು. ಆದರೂ ವಸ್ತುವಿನ ಗುಣದಿಂದಲೇ ಅದರ ಮನಸ್ಸನ್ನು ಕಟ್ಟಬೇಕೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ, ಹೆಂಗಸೊಬ್ಬಳು ಯಾರಿಗೂ ಹೇಳದ ಕಥೆ ಜೋಡಿನ ರೂಪ ತಾಳಿ ಬಾಗಿಲಲ್ಲಿ ಕೂರುತ್ತದೆ. ಹಾಡದ ಹಾಡು ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಇವು ಯಾರವೆಂದು ಗಂಡನಿಗೆ ಸಂಶಯ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಹನುಮಂತನ ಗುಡಿಯಲ್ಲಿ ಸೇರಿ ಹರಟುವಾಗ ನಿಜ ಬಯಲಾಗುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ಕ್ಕೆ ಚೌಕಟ್ಟು ಒದಗಿಸಿದ್ದು ಇದೇ ಕಥೆ.

ಯುರೋಪಿನಲ್ಲಿ ಮಕ್ಕಳ ಚಿತ್ರಪುಸ್ತಕದ ಚರಿತ್ರೆಯನ್ನು ಕೊಮೇನಿಯಸ್‌ನ 1658ರ ಸಚಿತ್ರ ಪಾಠಪುಸ್ತಕದಿಂದ ಎಣಿಸುವುದು ರೂಢಿ. ಅಲ್ಲಿ ವಸ್ತುಗಳಿಗೆ ಹೆಸರಿತ್ತು, ಮನಸ್ಸಿರಲಿಲ್ಲ. 19ನೆಯ ಶತಮಾನದಲ್ಲಿ ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ ತವರದ ಸೈನಿಕನಿಗೂ ರಫೂ ಸೂಜಿಗೂ ಜೀವ ಕೊಟ್ಟ. 1942ರಲ್ಲಿ ಅಮೆರಿಕದ ವರ್ಜೀನಿಯಾ ಲೀ ಬರ್ಟನ್ ಪುಟ್ಟ ಮನೆಯೊಂದನ್ನೇ ನಾಯಕಿಯಾಗಿಸಿದಳು. 2013ರಲ್ಲಿ ಡ್ರೂ ಡೇವಾಲ್ಟ್ ಬರೆದು ಆಲಿವರ್ ಜೆಫರ್ಸ್ ಚಿತ್ರಿಸಿದ ಪುಸ್ತಕದಲ್ಲಿ ಬಣ್ಣದ ಕಡ್ಡಿಗಳು ಮುಷ್ಕರ ಹೂಡುತ್ತವೆ. ಕೆಂಪು ಕಡ್ಡಿಗೆ ದುಡಿದು ಸಾಕಾಗಿದೆ. ಕನಕದಾಸರ ರಾಗಿಯ ತರ್ಕವೇ ಇದು: ವಸ್ತುವಿನ ಗುಣದಿಂದಲೇ ಅದರ ಮನಸ್ಸು.

ಕನ್ನಡದ ಮಕ್ಕಳ ಸಾಹಿತ್ಯಕ್ಕೆ ತಳಪಾಯ ಹಾಕಿದವರಲ್ಲಿ ಪಂಜೆ ಮಂಗೇಶರಾಯರು ಮೊದಲಿಗರು. ಜಿ. ಪಿ. ರಾಜರತ್ನಂ ಅವರ ತಗಡಿನ ತುತ್ತೂರಿ ಕೊಳಕ್ಕೆ ಬಿದ್ದು ದನಿ ಕಳೆದುಕೊಂಡಿತು. ಅದು ತಾನಾಗಿ ಮಾತಾಡದಿದ್ದರೂ ಮಕ್ಕಳ ಪಾಲಿಗೆ ಪಾತ್ರವೇ. ಚಿತ್ರವೇ ಕಥೆ ಹೇಳುವ ಅಗ್ಗದ ಬಣ್ಣದ ಪುಸ್ತಕಗಳಿಗೆ 1957ರಲ್ಲಿ ದೆಹಲಿಯಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್, ಚಿಲ್ಡ್ರನ್ಸ್ ಬುಕ್ ಟ್ರಸ್ಟ್‌ಗಳೂ 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಕೂಡ ದಾರಿ ಮಾಡಿದವು.

ಈ ಪ್ರಕಾರದ ದೊಡ್ಡ ಕಾಯಿಲೆ, ಕಂಡ ವಸ್ತುವಿಗೆಲ್ಲ ಎರಡು ಕಣ್ಣು, ಒಂದು ನಗು ಅಂಟಿಸಿಬಿಡುವುದು. ಆಗ ಪೊರಕೆಗೂ ಪಾತ್ರೆಗೂ ಒಂದೇ ಮುಖ. ಬಳಸಿ ಸವೆದ ಮೂಲೆ, ಸೊಟ್ಟಾದ ಹಿಡಿ ನೋಡಿ ಬರೆಯುವ ಕಲಾವಿದರಿಗೆ ಕಣ್ಣು ಬಾಯಿಯ ಹಂಗಿಲ್ಲ.

ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದ ಕಥೆಗಳನ್ನು ಮುಕ್ತ ಪರವಾನಗಿಯಡಿ ಯಾರು ಬೇಕಾದರೂ ಅನುವಾದಿಸಬಹುದು. ಹಾಗಾಗಿ ಧಾರವಾಡದ ಮಗು ಕನ್ನಡದಲ್ಲಿ ಓದುವ ಚಿತ್ರಕಥೆಯನ್ನು ಗೋವಾದ ಮ್ಹಾಪಸಾದ ಮಗುವಿಗಾಗಿ ಕೊಂಕಣಿಗೆ ತರಲು ಪ್ರಕಾಶಕರ ಅಪ್ಪಣೆಗೆ ಕಾಯಬೇಕಾಗಿಲ್ಲ.